ನಮ್ಮ ಭಾವನಿಗೊಂದು ಮನೆ ಬಾಡಿಗೆಗೆ ಕೊಟ್ಟು ನೋಡಿ

ನಿಮ್ಮ ಹತ್ತಿರ ಹಾಳುಬಿದ್ದ ಮನೆ ಒಂದಿದೆಯೇ? ಗೋಡೆಗೆ ಬೂಷ್ಟು ಹಿಡಿದಿದೆಯೇ? ಬಚ್ಚಲ ನೀರು ಹಿತ್ತಲಲ್ಲೇ ನಿಂತು ಸೊಳ್ಳೆ ಸಾಕುತ್ತಿದೆಯೇ? ಬಾಗಿಲು ಹಾಕಿದರೆ ಕಿಟಕಿ ತಾನಾಗಿ ತೆರೆದುಕೊಳ್ಳುತ್ತದೆಯೇ? ಚಿಂತೆ ಬಿಡಿ. ವರ್ಷದ ಮಟ್ಟಿಗೆ ಅದನ್ನು ನಮ್ಮ ಭಾವನಿಗೆ ಬಾಡಿಗೆಗೆ ಕೊಡಿ. ವರ್ಷ ತುಂಬುವುದರೊಳಗೆ ಅದು ಎಷ್ಟು ಚೆಂದವಾಗುತ್ತದೆಂದರೆ, ಅವರನ್ನು ಬಿಡಿಸಿ ನಾವೇ ಹೋಗಿ ಇರೋಣ ಎಂದು ನಿಮಗೇ ಅನ್ನಿಸುತ್ತದೆ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಪೀಣ್ಯದ ಸುತ್ತಮುತ್ತ ಇಬ್ಬರು ಮಾಲೀಕರು ಈಗಾಗಲೇ ಹಾಗೆ ಬಾಡಿಗೆಗೆ ಕೊಟ್ಟು ಸುಖವಾಗಿದ್ದಾರೆ!

ಭಾವ ಅಂದರೆ ನನ್ನ ಅಕ್ಕನ ಗಂಡ. ದಾವಣಗೆರೆ ಕಡೆಯವರು, ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಅಲ್ಲಿನ ಕಾರ್ಖಾನೆಗಳಿಗೆಲ್ಲ ಪರದೇಶದಿಂದ ಹೊಸ ಹೊಸ ಯಂತ್ರಗಳು ಬಂದಿಳಿಯುತ್ತಿದ್ದವು. ದೊಡ್ಡ ದೊಡ್ಡ ಮರದ ಪೆಟ್ಟಿಗೆಯೊಳಗೆ ಕೂತು ಬರುತ್ತಿದ್ದವು. ಪೆಟ್ಟಿಗೆ ಒಡೆದಾಗ ಇಡೀ ಕಾರ್ಖಾನೆ ಯಂತ್ರ ನೋಡಲು ನುಗ್ಗಿದರೆ, ನಮ್ಮ ಭಾವ ಒಬ್ಬರೇ ಪೆಟ್ಟಿಗೆ ನೋಡಲು ನಿಲ್ಲುತ್ತಿದ್ದರು. ಹಲಗೆಯನ್ನು ಸವರಿ, ಮೂಸಿ, ಬೆರಳಿನಿಂದ ತಟ್ಟಿ, "ಗಂಟೇ ಇಲ್ಲ ನೋಡ್ರಿ" ಅಂತ ಪಕ್ಕದವರಿಗೆ ಹೇಳುತ್ತಿದ್ದರಂತೆ. ಸಂಜೆ ಅದೇ ಹಲಗೆ ಗುಜರಿಯವನ ಕೈ ದಾಟಿ ಭಾವನ ಸೈಕಲ್ಲಿನ ಮೇಲೆ ಅಡ್ಡಡ್ಡ ಕೂತು ಮನೆಗೆ ಬರುತ್ತಿತ್ತು. ಹಿಂದೆ ಬಿ.ಟಿ.ಎಸ್. ಬಸ್ಸು ದಾರಿ ಸಿಗದೆ ಹಾರನ್ನು ಹೊಡೆಯುತ್ತ ಮೆರವಣಿಗೆಯ ಹಾಗೆ ಬರುತ್ತಿತ್ತು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಬರೆದಿಟ್ಟುಕೊಳ್ಳಿ. ಪ್ಯಾಕಿಂಗ್ ಮರ ಕೊಳ್ಳಬೇಕೆಂದಿದ್ದರೆ ಮೋಡ ಕಟ್ಟಿದ ದಿನ ಹೋಗಿ. ನೆನೆದರೆ ಕೆಟ್ಟಿತು ಎಂಬ ಭಯದಲ್ಲಿ ಗುಜರಿಯವನು ಕೇಳಿದ್ದಕ್ಕೆ ಕೊಡುತ್ತಾನೆ. ಪ್ಲಾಸ್ಟಿಕ್ ಡ್ರಮ್ಮು ತರುವುದಾದರೆ ಮುಚ್ಚಳ ತೆಗೆದು ಮೂಗಿಟ್ಟು ನೋಡಿ; ಅಡುಗೆ ಎಣ್ಣೆಯ ವಾಸನೆ ಬಂದರೆ ತನ್ನಿ, ಕಣ್ಣಲ್ಲಿ ನೀರು ಬಂದರೆ ಬಿಡಿ. ನಾನು ಗಾರ್ಮೆಂಟ್ಸಿನ ಕಟ್‌ಪೀಸ್ ತಂದು ನೈಟಿ ಹೊಲಿದು ಮಾರಿ ಮೇಲೆ ಬಂದವಳು. ಈ ವಿಷಯದಲ್ಲಿ ನನ್ನ ಮಾತು ನಂಬಬಹುದು. ಭಾವನಿಗೂ ಇದನ್ನೆಲ್ಲ ಕಲಿಸಲು ನೋಡಿದೆ. ಅವರು ಬಿಸಿಲು ಬಿದ್ದ ದಿನವೇ ಹೋಗಿ, ಗುಜರಿಯವನು ಹೇಳಿದ್ದನ್ನೇ ಕೊಟ್ಟು, ಅವನ ಅಂಗಡಿಯ ಮುರುಕು ಬೆಂಚನ್ನೂ ರಿಪೇರಿ ಮಾಡಿಕೊಟ್ಟು ಬರುತ್ತಿದ್ದರು!

ಅವರ ಮೊದಲ ಬಾಡಿಗೆ ಮನೆ ಹೆಗ್ಗನಹಳ್ಳಿಯಲ್ಲಿ. ಹೋದಾಗ ಅದು ಮನೆಯೋ ಗೋದಾಮೋ ಎಂದು ಹೇಳುವುದು ಕಷ್ಟವಿತ್ತು. ಭಾವ ಪೆಟ್ಟಿಗೆ ಮರದಲ್ಲಿ ಜಗಲಿಗೊಂದು ಬೆಂಚು ಮಾಡಿದರು, ಟೈಲ್ಸ್ ಅಂಗಡಿಯವರು ಎಸೆದ ಚೂರುಗಳನ್ನು ಜೋಡಿಸಿ ನಡುಮನೆಯ ನೆಲದಲ್ಲಿ ನವಿಲು ಬಿಡಿಸಿದರು, ಬಚ್ಚಲ ನೀರನ್ನು ತಿರುಗಿಸಿ ಬಾಳೆ ಎಬ್ಬಿಸಿದರು. ಮಾಲೀಕರು ಬಾಡಿಗೆಗೆಂದು ಬಂದು ಆ ಬೆಂಚಿನ ಮೇಲೆ ಕೂತರು. ಕೂತವರು ಏಳಲಿಲ್ಲ. ಕಾಫಿ ಕುಡಿದರು, ನವಿಲು ನೋಡಿದರು, ಬಾಳೆಗೊನೆ ನೋಡಿದರು. ಆಮೇಲೆ ಮೆಲ್ಲಗೆ, ಮಗಳ ಮದುವೆ ಗೊತ್ತಾಗಿದೆ, ಅಳಿಯನಿಗೆ ಒಂದು ಮನೆ ಬೇಕಾಗಿತ್ತು ಅಂತ ಶುರು ಮಾಡಿದರು.

ಎರಡನೆಯ ಮನೆ ದಾಸರಹಳ್ಳಿಯದು. ಅಲ್ಲಿ ಹಳೆಯ ಟೈರುಗಳಿಗೆ ಸುಣ್ಣ ಬಳಿದು ಚೆಂಡುಹೂ ಹಾಕಿದರು, ಕಿಟಕಿಗೆ ಮಲ್ಲಿಗೆ ಹಬ್ಬಿಸಿದರು. ಆ ಮಾಲೀಕರು ಬಿಡಿ ಅನ್ನಲಿಲ್ಲ. ತೋಟ ಇರುವ ಮನೆಗೆ ಬಾಡಿಗೆ ಬೇರೆ ಕಣ್ರೀ ಅಂದರು! ತೋಟ ಮಾಡಿದ್ದು ಯಾರು ಸ್ವಾಮಿ ಅಂತ ನಾನು ಮಧ್ಯೆ ಬಿದ್ದು ಚೌಕಾಸಿ ಮಾಡಿದೆ. ನನ್ನ ಚೌಕಾಸಿಗೆ ಚಿಕ್ಕಪೇಟೆಯ ಸೇಟುಗಳೇ ಬಗ್ಗಿದ್ದಾರೆ. ಇನ್ನೇನು ಮಾಲೀಕರೂ ಬಗ್ಗುತ್ತಿದ್ದರು, ಅಷ್ಟರಲ್ಲಿ ಭಾವ ಉತ್ಸಾಹದಿಂದ ಅವರ ಕೈಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ, "ಇದನ್ನ ನೀವು ನೋಡೇ ಇಲ್ಲ" ಅಂತ ಹೊಸದಾಗಿ ಬಿಟ್ಟ ನಿಂಬೆಕಾಯಿ ತೋರಿಸಿದರು. ಬಾಡಿಗೆ ಇನ್ನಷ್ಟು ಏರಿತು. ಆ ಮನೆಯೂ ಹೋಯಿತು.

ಟೆಂಪೋಗೆ ಸಾಮಾನು ಹೇರುವಾಗ ಅಕ್ಕ ಅತ್ತಳು. ಅಕ್ಕ ಸುಲಭಕ್ಕೆ ಅಳುವವಳಲ್ಲ. ಹಾಲಿನವನು, ದಿನಸಿ ಅಂಗಡಿ, ನೀರಿನ ಸರದಿಗೆ ಜೊತೆಯಾದ ಹೆಂಗಸರು, ಎಲ್ಲ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಗಂಟುಮೂಟೆ ಕಟ್ಟುವುದು ಅವಳಿಗೆ ಸಾಕಾಗಿತ್ತು.

"ಕೇಳ್ರಿ ಇಲ್ಲಿ. ಮುಂದಿನ ಮನೇಲಿ ಮಾಲೀಕರ ಕಣ್ಣಿಗೆ ಚೆಂದ ಕಾಣೋ ಅಂಥದ್ದು ಒಂದೇ ಒಂದು ಮಾಡಿದ್ರೂ ನಾನು ಹಿರಿಯೂರಿಗೆ ಹೋಗ್ತೀನಿ. ನೀವು ನಿಮ್ಮ ಹಲಗೆ ಜೊತೆ ಸಂಸಾರ ಮಾಡ್ರಿ."

ಹಿರಿಯೂರು ನಮ್ಮ ತವರು. ಅಕ್ಕ ಆಡಿದ್ದನ್ನು ಮಾಡುವವಳು. ಭಾವ ತಲೆ ತಗ್ಗಿಸಿ, ಟೈರುಗಳನ್ನು ಒಂದೊಂದಾಗಿ ಇಳಿಸಿ ರಸ್ತೆ ಬದಿಗೆ ಇಟ್ಟರು.

ಮೂರನೆಯ ಮನೆ ನಾಗಸಂದ್ರದಲ್ಲಿ. ರಾಗಿ ಹೊಲದಲ್ಲಿ ಸಾಲಾಗಿ ಎಬ್ಬಿಸಿದ ಶೀಟಿನ ಮನೆಗಳು. ಮಾಲಕಿ ಗೌಡ್ರಮ್ಮ, ಅದೇ ಊರಿನ ಒಕ್ಕಲುತನದ ಮನೆಯವರು. ಗಂಡಸರಂತೆ ಎತ್ತರದ ಆಳು, ಇಳಿಜಾರಿನ ಕೆಳಗೆ ಅವರ ಸ್ವಂತ ಮನೆ, ಅದರ ಅಂಗಳದಲ್ಲಿ ಸೀಮೆಹಸು. ತಿಂಗಳ ಮೊದಲ ಭಾನುವಾರ ಬಾಡಿಗೆಗೆ ತಾವೇ ನಡೆದು ಬರುತ್ತಿದ್ದರು.

ಭಾವ ಸುಮ್ಮನಿದ್ದಾರು ಅಂದುಕೊಂಡಿರಾ? ಬೇಸಿಗೆಯಲ್ಲಿ ಶೀಟು ಕಾದು ಮನೆ ಹೆಂಚಿನಂತಾಯಿತು. ಅಕ್ಕ ಬೆವರು ಒರೆಸಿಕೊಳ್ಳುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ಗೋಡೆ ಬುಡದಲ್ಲಿ ನಾಲ್ಕು ಹೀರೇಬೀಜ ಊರಿ, ಹಗ್ಗ ಕಟ್ಟಿ ಬಳ್ಳಿಯನ್ನು ಶೀಟಿನ ಮೇಲೆ ಹತ್ತಿಸಿದರು. ಖರ್ಚು ಬರೀ ಹಗ್ಗದ್ದು. ನಿಮ್ಮದೂ ಶೀಟಿನ ಮನೆಯಾಗಿದ್ದರೆ ಮಾಡಿ ನೋಡಿ. ಮಧ್ಯಾಹ್ನದ ಹೊತ್ತು ಫ್ಯಾನು ನಿಲ್ಲಿಸಿ ಮಲಗಬಹುದು. ಚೆಂದಕ್ಕಲ್ಲ, ತಂಪಿಗೆ ಅಂತ ಅಕ್ಕನ ಮುಂದೆ ವಾದ ಹೂಡಿ ಗೆದ್ದರು. ಗೆದ್ದ ಮೇಲೆ ಕೇಳಬೇಕೇ? ತಂಪಿಗೆ ಅಂತಲೇ ಟೊಮೇಟೊ ಬಂತು, ತಂಪಿಗೆ ಅಂತಲೇ ಮೆಣಸಿನ ಗಿಡ ಬಂತು.

ಈಗ ಗೌಡ್ರಮ್ಮನ ಕಣ್ಣು ತಪ್ಪಿಸುವುದು ಹೇಗೆ? ಆ ಯೋಜನೆ ನನ್ನದೇ, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಗಿಡಗಳೆಲ್ಲ ಪೇಂಟ್ ಡಬ್ಬಿಯಲ್ಲಿರಲಿ, ಡಬ್ಬಿಗಳೆಲ್ಲ ಗಾಡಿಯ ಮೇಲಿರಲಿ ಅಂದೆ. ಭಾವ ಪೆಟ್ಟಿಗೆ ಹಲಗೆಗೆ ಹಳೆಯ ಬೇರಿಂಗುಗಳನ್ನು ಜೋಡಿಸಿ ಉದ್ದನೆಯ ಗಾಡಿ ಮಾಡಿಯೇಬಿಟ್ಟರು. ಮೊದಲ ಭಾನುವಾರ ಬೆಳಿಗ್ಗೆ ತೋಟವನ್ನು ತಳ್ಳಿಕೊಂಡು ಹೋಗಿ ಸಾಲಿನ ಹಿಂಭಾಗದಲ್ಲಿ ಬಚ್ಚಿಡುವುದು, ಗೌಡ್ರಮ್ಮ ಹೋದ ಮೇಲೆ ತೋಟವನ್ನು ಮರಳಿ ಕರೆತರುವುದು! ಜಗತ್ತಿನಲ್ಲಿ ಎಲ್ಲರೂ ಯಾರಾದರೂ ಬರುತ್ತಾರೆಂದರೆ ಮನೆ ಒಪ್ಪ ಮಾಡುತ್ತಾರೆ. ನಮ್ಮ ಅಕ್ಕನ ಮನೆಯಲ್ಲಿ ಮಾತ್ರ ಮನೆ ಕೆಡಿಸುವ ಸಡಗರ. ಜೊತೆಗೆ ತಂದ ಪೆಟ್ಟಿಗೆ ಮರದ ಬೆಂಚಿನ ಮೇಲೆ ಹಳೆಯ ಗೋಣಿ ಹಾಸು, ಗೋಡೆಯ ಮೇಲೆ ಒದ್ದೆ ಸೀರೆ ಇಳಿಬಿಡು, ಗುಡಿಸಿದ ಕಸವನ್ನು ಮತ್ತೆ ತಂದು ಹರಡು. ಗೌಡ್ರಮ್ಮ ಹೊಸಿಲಲ್ಲೇ ನಿಂತು, ಏನ್ ಸಂಸಾರವೋ ಅಂತ ಲೊಚಗುಟ್ಟಿ ಬಾಡಿಗೆ ತೆಗೆದುಕೊಂಡು ಹೋಗುತ್ತಿದ್ದರು. ಬಳ್ಳಿ ತಾನಾಗಿಯೇ ಹುಟ್ಟಿದ್ದು ಅಂತ ಅವರಿಗೆ ಹೇಳಿ ಆಗಿತ್ತು.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಒಂದು ತಿಂಗಳು ಗೌಡ್ರಮ್ಮ ಹೋಗುವಾಗ, ಮಗಳು ಅಳಿಯ ಬೇರೆ ಮನೆ ಮಾಡಬೇಕು ಅಂತವ್ರೆ, ಈ ಸಾಲಲ್ಲೇ ಯಾವುದಾದರೂ ಒಂದು ಬಿಡಿಸಿಕೊಡಬೇಕು ಅಂದು ಹೋದರು. ಅಕ್ಕನ ಮುಖ ಬಿಳಿಚಿಕೊಂಡಿತು. ಮತ್ತೊಬ್ಬ ಅಳಿಯ!

ಮುಂದಿನ ತಿಂಗಳ ಮೊದಲ ಭಾನುವಾರಕ್ಕೆ ನಾನೇ ಬೆಳಿಗ್ಗೆ ಬೇಗ ಹೋಗಿ ಉಸ್ತುವಾರಿ ವಹಿಸಿಕೊಂಡೆ. ಸಾಲಿನಲ್ಲಿ ನಮ್ಮ ಮನೆಯಷ್ಟು ಕೆಟ್ಟದಾಗಿ ಇನ್ನೊಂದು ಕಾಣಬಾರದು ಎಂದು ಗೋಡೆಗೆ ಒಂದಿಷ್ಟು ಮಸಿಯನ್ನೂ ಬಳಿಸಿದೆ. ಭಾವ ತೋಟ ತಳ್ಳಿದರು. ಹಿಂದಿನ ಸಂಜೆ ಬೇರಿಂಗಿಗೆ ಗ್ರೀಸು ಹಚ್ಚಿದ್ದರಂತೆ, ನಮಗೆ ಹೇಳಿರಲಿಲ್ಲ. ಗಾಡಿ ಕೈತಪ್ಪಿತು. ನೋಡನೋಡುತ್ತ ತೋಟವೊಂದು ಇಳಿಜಾರು ಹಿಡಿದು ಹೊರಟಿತು! ಟೊಮೇಟೊ ಮುಂದೆ, ಮೆಣಸು ಹಿಂದೆ, ಭಾವ ಅದರ ಹಿಂದೆ, ಭಾವನ ಹಿಂದೆ ಊರಿನ ನಾಯಿಗಳು. ಗಾಡಿ ಯಾವ ಮನೆಯ ಮುಂದೆಯೂ ನಿಲ್ಲದೆ ನೇರ ಗೌಡ್ರಮ್ಮನ ಅಂಗಳಕ್ಕೆ ನುಗ್ಗಿ, ಸೀಮೆಹಸುವಿನ ಮೂಗಿನ ಮುಂದೆ ನಿಂತುಕೊಂಡಿತು. ಹಸು ಒಂದು ಕ್ಷಣವೂ ಅನುಮಾನಿಸದೆ ಊಟಕ್ಕೆ ಕೂತಿತು.

ಬಾಡಿಗೆಗೆಂದು ಹೊರಟಿದ್ದ ಗೌಡ್ರಮ್ಮ ಗಾಡಿ ನೋಡಿದರು, ಭಾವನನ್ನು ನೋಡಿದರು. ಏದುಸಿರು ಬಿಡುತ್ತಿದ್ದ ಭಾವನಿಗೆ ಸುಳ್ಳು ಬರುವುದಿಲ್ಲ. ಇಬ್ಬರೂ ಒಟ್ಟಿಗೇ ಮೇಲೆ ಬಂದರು. ಗೌಡ್ರಮ್ಮ ಈ ಸಲ ಹೊಸಿಲಲ್ಲಿ ನಿಲ್ಲಲಿಲ್ಲ. ಒದ್ದೆ ಸೀರೆ ಸರಿಸಿದರು, ಗೋಣಿ ಎತ್ತಿ ಬೆಂಚು ನೋಡಿದರು, ತಲೆಯೆತ್ತಿ ತಂಪಾದ ಶೀಟು ನೋಡಿದರು. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ನಾನು ಮನಸ್ಸಿನಲ್ಲೇ ವಾದ ಜೋಡಿಸಿಕೊಳ್ಳುತ್ತಿದ್ದೆ. ಗೌಡ್ರಮ್ಮ ಕುಡಿಯಲು ನೀರು ಕೇಳಿದರು, ಅಕ್ಕ ತರಲು ಹೋದಳು, ಅವಳ ಹಿಂದೆಯೇ ಅವರೂ ಅಡುಗೆಮನೆಗೆ ನುಗ್ಗಿದರು.

ಟಣ್ ಅಂತ ಸದ್ದಾಯಿತು. ಓಡಿಹೋಗಿ ನೋಡಿದರೆ ಗೌಡ್ರಮ್ಮ ಹಣೆ ಹಿಡಿದುಕೊಂಡು ನಿಂತಿದ್ದಾರೆ, ಡಬ್ಬಿಗಳ ಹಲಗೆ ಇನ್ನೂ ಅಲ್ಲಾಡುತ್ತಿದೆ. ಅವರು ಹಣೆ ಉಜ್ಜಿಕೊಳ್ಳುತ್ತ ಸುತ್ತ ನೋಡಿದರು. ಒಲೆ ಕಟ್ಟೆಯ ಕಡಪ ಕಲ್ಲು ಮುಟ್ಟಿದರು. ಅದು ಅವರ ಸೊಂಟಕ್ಕಿಂತ ಎಷ್ಟೋ ಕೆಳಗಿತ್ತು.

"ಯಾರನ್ನ ಕೇಳಿ ಕಟ್ಟೆ ಒಡೆದ್ರಿ ಯಜಮಾನ್ರೆ? ಎಲ್ಲಾನೂ ಇಂಗೆ ಕೆಳೀಕ್ ಯಾಕ್ ಇಳಿಸಿದ್ದೀರಿ?"

ಇಷ್ಟು ದಿನ ಮನೆ ಚೆಂದವಾಯಿತೆಂದು ಬಿಡಿಸಿಯಾರು ಅಂತ ಹೆದರುತ್ತಿದ್ದೆವು. ಈಗ ಕೆಡಿಸಿದರೆಂದೇ ಬಿಡಿಸುವ ಹಾಗಾಯಿತು! ಭಾವ ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತಿದ್ದರು.

"ಇವಳಿಗೆ ಎಟುಕ್ತಿರಲಿಲ್ಲ ಗೌಡ್ರಮ್ಮ. ಹಲಗೆಗೆ ಸ್ಟೂಲ್ ಹತ್ತೋದು, ಇಳಿಯೋದು. ಕಟ್ಟೆ ಮೇಲೆ ರೊಟ್ಟಿ ಬಡಿಯೋಕೆ ರಟ್ಟೆ ನೋವು. ನಾನು ಷಿಫ್ಟಿಗೆ ಹೋಗಿಬಿಡ್ತೀನಿ, ಇಡೀ ದಿನ ಇಲ್ಲಿ ನಿಲ್ಲೋಳು ಇವಳು."

ಅಕ್ಕ ಗಿಡ್ಡ. ನಾನೂ ಅಷ್ಟೇ ಗಿಡ್ಡ, ಇಬ್ಬರನ್ನೂ ಪಕ್ಕ ಪಕ್ಕ ನಿಲ್ಲಿಸಿದರೆ ಒಂದು ಗೆರೆ ಎಳೆಯಬಹುದು. ಆ ಮನೆಗಳ ಅಡುಗೆಮನೆಯಲ್ಲಿ ನಾನು ಎಷ್ಟು ಸಲ ಕಾಫಿ ಮಾಡಿಕೊಂಡಿಲ್ಲ! ಎಲ್ಲವೂ ಕೈಗೆ ಸಿಗುತ್ತಿತ್ತು. ಸಿಗುವುದನ್ನು ಯಾರು ಗಮನಿಸುತ್ತಾರೆ ಹೇಳಿ? ಸೂಜಿಯ ತೂತಿನಲ್ಲೂ ಲಾಭ ಹುಡುಕುವ ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ. ಹೆಗ್ಗನಹಳ್ಳಿಯ ಮಾಲೀಕರ ಅಳಿಯ ಹಣೆಗೆ ಪಟ್ಟಿ ಹಾಕಿಕೊಂಡು ಓಡಾಡುತ್ತಾನೆ ಎಂದು ಯಾರೋ ಹೇಳಿದ್ದರು. ಸ್ಕೂಟರಿನಿಂದ ಬಿದ್ದಿರಬೇಕು ಅಂದುಕೊಂಡಿದ್ದೆ!

ಗೌಡ್ರಮ್ಮ ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಕಟ್ಟೆ ನೋಡಿದರು, ಮತ್ತೆ ಅಕ್ಕನನ್ನು ನೋಡಿದರು. ಆಮೇಲೆ ನೀರು ಕುಡಿದು ಲೋಟ ಕೆಳಗಿಟ್ಟರು.

"ನನ್ ಮಗಳು ನನಗಿಂತ ಉದ್ದ ಅವ್ಳೆ. ಈ ಕಟ್ಟೆ ಮುಂದೆ ನಿಂತ್ರೆ ಅವಳ ನಡ ಬಿದ್ದೋಯ್ತದೆ. ಅಳಿಯ ಒಳೀಕ್ ಬಂದ್ರೆ ದಿನಾ ಅಣೆ ಊದಿಸ್ಕೊಂತಾನೆ. ಅವರಿಗೆ ಬೇರೆ ಕಡೆ ನೋಡಾನ, ನೀವೇ ಇರಿ ಇಲ್ಲಿ."

ಹೊಸಿಲು ದಾಟುವಾಗ, ಗಿಡ ತಿಂದದ್ದು ತಮ್ಮ ಹಸುವೇ ಆದ್ದರಿಂದ ಒಂದು ಮಂಕರಿ ಗೊಬ್ಬರ ಕಳಿಸುತ್ತೇನೆ ಅಂದರು. ನಾನು ತಕ್ಷಣ ಎರಡು ಅಂದೆ. ನಕ್ಕು ಎರಡಕ್ಕೆ ಒಪ್ಪಿದರು. ಅಷ್ಟಾದರೂ ಮಾಡದಿದ್ದರೆ ನಾನು ಬಂದದ್ದಕ್ಕೆ ಅರ್ಥವೇನು?

ಅವರು ಅತ್ತ ಹೋದ ಮೇಲೆ ನನಗೊಂದು ಕುತೂಹಲ ಹುಟ್ಟಿತು. ಅಕ್ಕನ ಎದುರು ಭಾವ ಟೇಪು ಹಿಡಿದದ್ದನ್ನು ನಾನೆಂದೂ ಕಂಡಿರಲಿಲ್ಲ. ಅಳತೆ ಯಾವಾಗ ತಗೊಂಡ್ರಿ ಅಂತ ಕೇಳಿದೆ. ಅಕ್ಕನೂ, ನನಗೂ ಗೊತ್ತಿಲ್ಲ ಅಂದಳು.

ಭಾವ ಗೋಡೆಯತ್ತ ಬೆರಳು ಮಾಡಿದರು. ಹಲಗೆಯ ಮೇಲ್ಗಡೆ, ಹೊಗೆಗೆ ಮಸುಕಾದ ಮೂರು ಬೆರಳಿನ ವಿಭೂತಿ ಗೆರೆ, ನಡುವೆ ಒಂದು ಕುಂಕುಮದ ಬೊಟ್ಟು. ಹೊಸ ಮನೆಗೆ ಹೋದ ದಿನ ಹಾಲು ಉಕ್ಕಿಸಿ, ಅಡುಗೆಮನೆಯ ಗೋಡೆಗೆ ವಿಭೂತಿ ಎಳೆಯುವುದು ನಮ್ಮ ಅಕ್ಕನ ರೂಢಿ. ದೇವರ ಗುರುತು ಆದಷ್ಟು ಮೇಲಿರಲಿ ಅಂತ ಹಿಮ್ಮಡಿ ಎತ್ತಿ, ಕೈ ನೀಡಿ, ಎಟುಕಿದಷ್ಟು ಎತ್ತರಕ್ಕೆ ಎಳೆಯುತ್ತಾಳೆ.

"ಅದಕ್ಕಿಂತ ಒಂದು ಗೇಣು ಕೆಳಗೆ ಹಲಗೆ ಹೊಡೀತೀನಿ" ಅಂದರು ಭಾವ. "ಹಿಮ್ಮಡಿ ಎತ್ತದೆ ಸಿಗಬೇಕಲ್ಲ."

"ಎಲ್ಲಾ ಮನೇಲೂ?" ಅಕ್ಕ ಕೇಳಿದಳು.

"ಎಲ್ಲಾ ಮನೇಲೂ."

ಅಕ್ಕ ಒಲೆ ಹಚ್ಚಿದಳು. ಕಾಫಿಗೆ ನೀರಿಟ್ಟು, ನಮಗೆ ಬೆನ್ನು ತಿರುಗಿಸಿ, ಸಕ್ಕರೆ ಡಬ್ಬಿಗೆ ಕೈ ಚಾಚಿದಳು. ನಾನು ಅವಳ ಹಿಮ್ಮಡಿಗಳನ್ನೇ ನೋಡುತ್ತಿದ್ದೆ. ಎರಡೂ ನೆಲಕ್ಕೆ ಊರಿಕೊಂಡೇ ಇದ್ದವು.