ಸುರಂಗಕ್ಕಿಳಿದ ನಮ್ಮ ಕಾಕು

ನಮ್ಮ ಕಾಕು ಅಂಜದಿರುವ ವಸ್ತು ಈ ಭೂಮಿಯ ಮೇಲೆ ಒಂದೂ ಇಲ್ಲ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಭೂಮಿಯ ಕೆಳಗೂ ಇಲ್ಲ ಎಂಬುದು ಹೋದ ಚಳಿಗಾಲದಲ್ಲಿ ವಿಜಯಪುರಕ್ಕೆ ಹೋದಾಗ ಖಾತ್ರಿಯಾಯಿತು!

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಕಾಕಾ-ಕಾಕು ಇರುವುದು ಉಗಾರ ಬುದ್ರುಕದಲ್ಲಿ. ಕೃಷ್ಣೆಯ ದಂಡೆಗೆ ಕಬ್ಬು, ಕಾಗವಾಡದ ಕಡೆಗೆ ಒಂದಿಷ್ಟು ದ್ರಾಕ್ಷಿ. ನಾನು ಚಿಕ್ಕೋಡಿಯಲ್ಲಿ ಮಾಸ್ತರ. ರಜೆ ಬಂತೆಂದರೆ ಅವರ ಮನೆಗೆ ಓಡುತ್ತೇನೆ, ಕಾಕುವಿನ ಕೈಯಡಿಗೆಗಾಗಿ. ಆದರೆ ಆ ಅಡಿಗೆ ಆಗುವುದನ್ನು ಕಾಯುವುದಿದೆಯಲ್ಲ, ಅದೊಂದು ಪರೀಕ್ಷೆ. ಕುಕ್ಕರ್ ಒಲೆಯ ಮೇಲೆ ಏರಿತೆಂದರೆ ಮನೆಮಂದಿಯೆಲ್ಲ ಅಂಗಳಕ್ಕೆ ಬಂದು ನಿಲ್ಲಬೇಕು! ಮೂರು ಸೀಟಿ ಆಗುವ ತನಕ ಯಾರೂ ಹೊಸ್ತಿಲು ದಾಟುವಂತಿಲ್ಲ. ಮಗಳನ್ನು ನೋಡಲು ಬಂದ ಬೀಗರನ್ನೂ ಆಕೆ ಬಿಡಲಿಲ್ಲ. ಪಾಪ, ಚಹದ ಕಪ್ಪು ಹಿಡಿದುಕೊಂಡೇ ಬಿಸಿಲಲ್ಲಿ ನಿಂತರು.

"ಏನ್ರಿ, ಇಲ್ಲೇನ ಭೂಕಂಪ ಆಗತೈತೇನು?" ಎಂದು ವರನ ತಂದೆ ಕೇಳಿದರು.

"ಇಲ್ರಿ, ಅನ್ನ ಆಗಾಕತ್ತೈತಿ" ಎಂದ ಕಾಕಾ.

ಮೂರನೆಯ ಸೀಟಿಯ ಮೇಲೆ ಒಳಗೆ ನುಗ್ಗಿ ಒಲೆ ಆರಿಸುವುದು ಕಾಕಾನ ಕೆಲಸವಾಗಿತ್ತು. ಆತ ಬಹಳ ಗತ್ತಿನಿಂದ ಹೋಗುತ್ತಿದ್ದ, ಗಡಿ ಕಾಯಲು ಹೊರಟ ಸೈನಿಕರ ಹಾಗೆ.

ಇನ್ನು ಲಿಫ್ಟಿನ ಕತೆ. ಮದುವೆಯ ಜವಳಿಗೆಂದು ಸಾಂಗಲಿಗೆ ಹೋಗಿದ್ದೆವು. ಅಂಗಡಿ ನಾಲ್ಕನೆಯ ಮಹಡಿಯಲ್ಲಿ. ಕಾಕು ಲಿಫ್ಟಿನೊಳಗೆ ಇಣುಕಿ ನೋಡಿ, "ಬಾಗಲಾ ಹಾಕಿದ ಕಪಾಟನ್ಯಾಗ ಯಾರ ನಿಂದರತಾರ?" ಎಂದಳು. ಚೀಲಗಳನ್ನು ಅದರಲ್ಲಿ ಇಟ್ಟು ನಾಲ್ಕರ ಗುಂಡಿ ಒತ್ತಿಸಿ, ನಾವೆಲ್ಲ ಮೆಟ್ಟಿಲು ಹತ್ತಿದೆವು. ನಾವು ಏದುಸಿರು ಬಿಡುತ್ತ ಮೇಲೆ ತಲುಪುವಷ್ಟರಲ್ಲಿ ಚೀಲಗಳು ಆರನೆಯ ಮಹಡಿ ನೋಡಿಕೊಂಡು ಮತ್ತೆ ಕೆಳಗೆ ಹೋಗಿದ್ದವು! "ನೋಡ್ರಿ, ನಾವ ಒಳಗಿದ್ರ ಏನ ಗತಿ ಆಗತಿತ್ತು?" ಎಂದು ಆಕೆ ನಮ್ಮನ್ನೇ ಕೇಳಿದಳು. 

ನಗಬೇಡಿ. ಎರಡು ವರ್ಷದ ಹಿಂದೆ ಕಾಕಾನಿಗೆ ಎದೆ ಹಿಡಿದುಕೊಂಡಿತು. ಮಿರಜಿನ ದವಾಖಾನೆಗೆ ಒಯ್ದು ಸ್ಟೆಂಟ್ ಹಾಕಿಸಿದೆವು. ಅಂದಿನಿಂದ ಕಾಕುವಿನ ಅಂಜಿಕೆಗಳೆಲ್ಲ ಕುಕ್ಕರು, ಲಿಫ್ಟು, ನದಿಯ ನೀರು ಎಲ್ಲವನ್ನೂ ಬಿಟ್ಟು ಒಬ್ಬ ಮನುಷ್ಯನ ಮೇಲೆ ಬಂದು ಕೂತವು. ಕಾಕಾ ಬೆಳಿಗ್ಗೆ ವಾಕಿಂಗ್ ಹೊರಟರೆ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಈಕೆ, ಕೈಯಲ್ಲಿ ನೀರಿನ ಬಾಟಲಿ, ಸೆರಗಿನ ಗಂಟಿನಲ್ಲಿ ಗುಳಿಗೆ. ಈಗ ಕುಕ್ಕರಿನ ಒಲೆ ಆರಿಸಲೂ ಆಕೆಯೇ ಹೋಗುತ್ತಾಳೆ, ಕಣ್ಣು ಮುಚ್ಚಿಕೊಂಡು.

ಆ ದವಾಖಾನೆಯಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗಲಾಗದು. ನಾನು ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಕೌಂಟರಿನವರು ಕಾಕುವನ್ನು ಪೇಷಂಟಿನ ಹೆಸರು ಕೇಳಿದ್ದರು. ಆಕೆ ಹೇಳಬೇಕಲ್ಲ! ಗಂಡನ ಹೆಸರು ಬಾಯಲ್ಲಿ ಬಂದರೆ ಆತನ ಆಯುಷ್ಯ ಸವೆಯುತ್ತದೆ, ಒಂದು ಸಲಕ್ಕೆ ಇಷ್ಟು ಎಂದು ಆಕೆಯ ಅಜ್ಜಿ ತಲೆಯಲ್ಲಿ ತುಂಬಿಟ್ಟಿದ್ದಳು. ಉಳಿದ ಹೆಂಗಸರು ಮದುವೆ-ಮುಂಜಿವೆಯಲ್ಲಿ ಒಡಪು ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಿ ನಗುತ್ತಾರೆ. ಈಕೆ ಒಡಪಿನಲ್ಲೂ ಹೇಳಿದವಳಲ್ಲ. ಒಳಗೆ ಗಂಡ ಮಲಗಿದ್ದಾನೆ, ಇಂಥ ಹೊತ್ತಿನಲ್ಲಿ ಹೇಳುತ್ತಾಳೆಯೇ? ಬಟ್ಟೆ ತುಂಬಿ ತಂದಿದ್ದ ದ್ರಾಕ್ಷಿಯ ರಟ್ಟಿನ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, ಅದರ ಮೇಲೆ ಅಚ್ಚಾದ ಕಾಕಾನ ಹೆಸರಿಗೆ ಬೊಟ್ಟು ಮಾಡಿದಳು. ಅವರು ಡಬ್ಬಿಯ ಮೇಲೆ ಮರಾಠಿಯಲ್ಲಿ ಅಚ್ಚಾಗಿದ್ದನ್ನೆಲ್ಲ ಇದ್ದಂತೆ ಬರೆದುಕೊಂಡರು. ಸ್ವಲ್ಪ ಹೊತ್ತಿಗೆ ನರ್ಸಬಾಯಿ ಹೊರಗೆ ಬಂದು ಕೂಗಿದಳು: "ದ್ರಾಕ್ಷ ಬಾಗಾಯತದಾರ, ಗೋಡ ಆಣಿ ತಾಜೀ, ಕೋಣ ಆಹೇತ?"

ದ್ರಾಕ್ಷಿ ಬೆಳೆಗಾರರು, ಸಿಹಿ ಮತ್ತು ತಾಜಾ, ಯಾರು ಅಂತೆ! ಅಳುವ ಹೊತ್ತಿನಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಇಂಥ ಕಾಕು ಸುರಂಗಕ್ಕೆ ಇಳಿದದ್ದಾದರೂ ಹೇಗೆ? ಕಾಕಾನ ಹಟ. ವಿಜಯಪುರದಲ್ಲಿ ಅರಸರ ಕಾಲದ ನೀರಿನ ಸುರಂಗಗಳಿವೆ, ದೂರದ ಕೆರೆಯಿಂದ ನೆಲದಡಿಯಲ್ಲೇ ಊರಿಗೆ ನೀರು ಬರುತ್ತಿತ್ತು, ಗೈಡ್ ಒಬ್ಬರು ಇಳಿಸಿ ತೋರಿಸುತ್ತಾರೆ ಎಂದು ನಾನೇ ಬಾಯಿ ಬಿಟ್ಟಿದ್ದೆ. ಬೋರ್‌ವೆಲ್ ಕೊರೆಸಿ ಕೊರೆಸಿ ಧೂಳು ಕಂಡವನಿಗೆ ಇಷ್ಟು ಸಾಕು. "ನೆಲದಾಗ ನೀರ ಹೆಂಗ ನಡದ ಬರತಿತ್ತು, ಒಮ್ಮೆ ನೋಡಬೇಕಲೇ ತಮ್ಮಾ" ಎಂದ. ಡಾಕ್ಟರೂ ಹೂಂ ಅಂದರು. ಕಾಕು ಎರಡು ದಿನ ಊಟ ಬಿಟ್ಟಳು, ಮೂರನೆಯ ದಿನ ತಾನೂ ಬರುತ್ತೇನೆ ಎಂದಳು. "ಅವರು ಒಬ್ಬರ ಕೆಳಗ ಹ್ವಾದ್ರ ನಾ ಮ್ಯಾಲ ನಿಂತ ಏನ ಮಾಡ್ಲಿ?"

ಕ್ರೂಸರ್ ಗಾಡಿಯಲ್ಲಿ ಅಥಣಿ ದಾಟಿ ಹೋದೆವು. ಸುರಂಗದ ಬಾಯಲ್ಲಿ ನಮಗಿಂತ ಮೊದಲೇ ನಿಪ್ಪಾಣಿಯ ಒಂದು ತಂಡ ನಿಂತಿತ್ತು. ಏಳೆಂಟು ಜೋಡಿ. ಗಂಡಸರೆಲ್ಲ ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ನಮ್ಮ ಕಾಕಾನೂ ಅದೇ ವೇಷ. ಗೈಡ್ ನೆರೆತ ಗಡ್ಡದ ಚಾಚಾ, ಹಣೆಗೆ ಬ್ಯಾಟರಿ ಕಟ್ಟಿಕೊಂಡಿದ್ದ.

"ಅಂಜಬ್ಯಾಡ್ರಿ. ಆದ್ರ ಒಂದ ಮಾತ. ಕತ್ತಲದಾಗ ನಿಮ್ಮ ಮನಷ್ಯಾ ಕಾಣಲಿಲ್ಲಂದ್ರ ಹೆಸರ ಹಿಡದ ಕರೀರಿ. ಬರೇ 'ರೀ' ಅನಬ್ಯಾಡ್ರಿ, ಅಲ್ಲಿ ಎಲ್ಲಾರೂ 'ರೀ'ನ ಇರತಾರ. ಎಲ್ಲಿ, ಒಮ್ಮೆ ಹೆಸರ ಹೇಳ್ರಿ ನೋಡೂಣು."

ಚಾಚಾನಿಗೆ ನಮ್ಮ ಸೀಮೆಯ ಹೆಂಗಸರು ಗೊತ್ತಿಲ್ಲ ಎಂದು ಆಗಲೇ ತಿಳಿಯಿತು! ನಿಪ್ಪಾಣಿಯ ಮೊದಲ ಹೆಂಗಸು ಸೆರಗು ಸರಿಮಾಡಿಕೊಂಡು ರಾಗವಾಗಿ ಶುರು ಮಾಡಿದಳು: "ನಿಪ್ಪಾಣಿ ಹೊಲದಾಗ ತಂಬಾಕದ ಎಲಿ, ಮಾರುತಿರಾಯರ ಹೆಸರಿಗಿ ಕಟ್ಟಲಾಗದ ಬೆಲಿ!" ಉಳಿದವರು ಚಪ್ಪಾಳೆ ತಟ್ಟಿದರು. ಎರಡನೆಯವಳು ಮರಾಠಿಯಲ್ಲಿ ಹೇಳಿದಳು, ಅದು ಇನ್ನೂ ಉದ್ದ. ಐದನೆಯದಕ್ಕೆ ಚಾಚಾ ಕೈಮುಗಿದ. "ಸಾಕ್ರಿ ಅಮ್ಮಾರೆ, ಇಲ್ಲೇ ಬ್ಯಾಟ್ರಿ ಮುಗೀತೈತಿ." ಕಾಕು ಮಾತ್ರ ತುಟಿ ಬಿಗಿಹಿಡಿದು ಕಾಕಾನ ಅಂಗಿಯ ಚುಂಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

ಇಳಿದೆವು. ಇಪ್ಪತ್ತು ಹೆಜ್ಜೆಗೆ ನನ್ನ ಶೂರತನ ಮುಗಿಯಿತು. ತಲೆ ಎತ್ತಿದರೆ ಬಂಡೆ, ಕೈ ಚಾಚಿದರೆ ಬಂಡೆ. ಹಸಿ ಮಣ್ಣಿನ ವಾಸನೆ, ಬಾವಲಿಗಳ ಪಟಪಟ. ಅಲ್ಲಲ್ಲಿ ಗಾಳಿಗೆಂದು ತೋಡಿದ ಕಿಂಡಿಯಿಂದ ಒಂದು ತಟ್ಟೆಯಷ್ಟು ಬೆಳಕು ಬೀಳುತ್ತಿತ್ತು, ಮುಂದೆ ಅದೂ ಇಲ್ಲ. ಉಸಿರಾಡಲು ಗಾಳಿ ಸಾಲದು ಎಂದು ನನಗನ್ನಿಸಿತು. ನನಗೇ ಹೀಗಾದರೆ ಕಾಕಾನ ಎದೆ? ಕರೆದುಕೊಂಡು ಬಂದ ನನ್ನ ಬುದ್ಧಿಗೆ ಬೆಂಕಿ ಹಾಕಬೇಕು ಎಂದು ನನ್ನನ್ನೇ ಬೈದುಕೊಂಡೆ.

ನಡುದಾರಿಯಲ್ಲಿ ಚಾಚಾ ನಿಂತ. "ಎಲ್ಲಾರೂ ಬೆಳಕ ಆರಸ್ರಿ. ಇದನ್ನ ತೋಡಿದ ಮಂದಿ ಎಂಥಾ ಕತ್ತಲದಾಗ ಕೆಲಸಾ ಮಾಡಿದ್ರು, ನೀವೂ ನೋಡ್ರಿ."

ಬೆಳಕು ಆರಿತು. ಅಂಥ ಕತ್ತಲೆಯನ್ನು ನಾನು ಕಂಡಿರಲಿಲ್ಲ. ಕಣ್ಣು ತೆರೆದರೂ ಅದೇ, ಮುಚ್ಚಿದರೂ ಅದೇ. ಆಗ ಕಾಕುವಿನ ಧ್ವನಿ: "ರೀ, ಇನ್ನಷ್ಟ ಹತ್ರ ಬರ್ರಿ. ಎದಿ ಹೆಂಗೈತಿ?"

"ಅಹೋ ಬಾಯಿ, ತೋ ಮೀ ನಾಹೀ!" ಅವನು ನಾನಲ್ಲ ಎಂದು ಒಂದು ಅಪರಿಚಿತ ಗಂಡುಧ್ವನಿ ಮರಾಠಿಯಲ್ಲಿ ಗಾಬರಿಯಿಂದ ಕೂಗಿತು.

ಬ್ಯಾಟರಿಗಳು ಹತ್ತಿದವು. ಕಾಕುವಿನ ಮುಷ್ಟಿಯಲ್ಲಿದ್ದದ್ದು ನಿಪ್ಪಾಣಿಯವರೊಬ್ಬರ ಅಂಗಿ! ತಂಡವೆಲ್ಲ ಹೋ ಎಂದು ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಸಾಲಿನ ಉದ್ದಕ್ಕೂ ಬೆಳಕು ಹಾಯಿಸಿದೆ. ಕಾಕಾ ಇರಲಿಲ್ಲ.

"ರೀ!" ಎಂದಳು ಕಾಕು. "ಏನ?" "ಕಾಯ?" ಎಂದು ಏಳೆಂಟು ಗಂಡಂದಿರು ಓಗೊಟ್ಟರು. ನಾನು "ಕಾಕಾ!" ಎಂದು ಕೂಗಿದೆ. ನಿಪ್ಪಾಣಿಯ ಇಬ್ಬರು ಹಿರಿಯರು "ಕಾಯ ರೇ?" ಎಂದರು. ಸುರಂಗ ಆ ಧ್ವನಿಗಳನ್ನೆಲ್ಲ ಕಲಸಿ ನಮಗೇ ತಿರುಗಿ ಕೊಟ್ಟಿತು. "ಹೆಸರೇನ್ರಿ ಅವರದು?" ಎಂದು ಚಾಚಾ ಕೇಳಿದ. ನಾಚಿಕೆಯ ಮಾತು, ಹೇಳಿಬಿಡುತ್ತೇನೆ: ಹಿರಿಯರ ಹೆಸರು ಹಿಡಿದು ಕೂಗಲು ನನ್ನ ನಾಲಿಗೆಯೂ ಏಳಲಿಲ್ಲ. ಬಲಗಡೆಗೆ ಒಂದು ಕವಲು ಒಡೆದಿತ್ತು. ಅದರೊಳಗೆ ಬರೀ ಕಪ್ಪು. "ಮುಂದ ದಾರಿ ಮುಚ್ಚೈತ್ರಿ, ಎಲ್ಲೂ ಹೋಗಾಂಗಿಲ್ಲ" ಎಂದ ಚಾಚಾ. ಹೋಗಿಲ್ಲ ಸರಿ, ಬಿದ್ದಿದ್ದರೆ?

ಆಗ ಕಾಕು ಆ ಕವಲಿನ ಬಾಯಿಗೆ ಹೋಗಿ, ಎರಡೂ ಕೈಯಿಂದ ಬಂಡೆ ಹಿಡಿದು, ಕಾಕಾನ ಹೆಸರು ಹಿಡಿದು ಕೂಗಿದಳು.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ರೀ ಇಲ್ಲ, ರಾಯರು ಇಲ್ಲ, ಬರೀ ಹೆಸರು. ಉತ್ತರವಿಲ್ಲ. ಮತ್ತೆ ಕೂಗಿದಳು. ಒಂದೊಂದು ಸಲ ಕೂಗಿದಾಗಲೂ ಆಕೆ ಹಣೆ ಬಂಡೆಗೆ ಒತ್ತಿ, "ತಪ್ಪಾತು, ನಂದ ತಗೋ, ನನ್ನ ಆಯುಷ್ಯದಾಗಿಂದ ತಗೋ" ಎಂದು ಗೊಣಗುತ್ತಿದ್ದಳು. ನಿಪ್ಪಾಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಏಳು ಸಲ ಕೂಗಿದಳು. ಏಳನೆಯದಕ್ಕೆ ಒಳಗಿನಿಂದ ಸಣ್ಣಗೆ "ಓ..." ಎಂದು ಬಂತು. ಅದರ ಹಿಂದೆ ಬಿಳಿ ಟೊಪ್ಪಿಗೆಯೂ ಬಂತು.

"ಅಲ್ಲೊಂದ ಕಡೆ ಗ್ವಾಡಿ ಇನ್ನೂ ಹಸಿ ಐತಿ. ನೀರ ಎಲ್ಲಿಂದ ಜಿನಗತೈತಿ ಕೈ ಆಡಿಸಿ ನೋಡಾಕತ್ತಿದ್ನಿ" ಎಂದ ಪುಣ್ಯಾತ್ಮ!

ಮೇಲೆ ಬಿಸಿಲಿಗೆ ಬಂದ ಕೂಡಲೇ ಕಾಕು ಕಾಕಾನನ್ನು ಕೂರಿಸಿದಳು. ಆತನ ಎದೆ ಮುಟ್ಟಿ ನೋಡಿದಳು, ಗುಳಿಗೆ ನುಂಗಿಸಿದಳು, ಆಮೇಲೆ ಮೆಲ್ಲಗೆ ಕೇಳಿದಳು: "ಎಷ್ಟ ಸಲ ಅಂದ್ನಿರಿ ನಾ?"

"ಏನ ಅಂದಿ? ನನಗೇನೂ ಕೇಳಿಸಲಿಲ್ಲ. ಬೆಳಕ ಕಂಡ್ತು, ಬಂದ್ನಿ" ಎಂದ ಕಾಕಾ.

"ಖರೇನ ಕೇಳಿಸಿಲ್ಲ?"

"ನಿನ್ನಾಣಿ ಇಲ್ಲ."

ಕೇಳಿಸದಿದ್ದರೆ ಲೆಕ್ಕಕ್ಕಿಲ್ಲ ಎಂದು ಆಕೆಯೇ ತೀರ್ಮಾನ ಮಾಡಿಕೊಂಡಳು. ಮುಖ ತೊಳೆದಳು, ಕಟ್ಟಿ ತಂದಿದ್ದ ರೊಟ್ಟಿ ಬಿಚ್ಚಿ ಚಾಚಾನಿಗೂ ಕೊಟ್ಟಳು.

ಇಳಿಹೊತ್ತಿನಲ್ಲಿ ಗಾಡಿ ಅಥಣಿಯ ಕಡೆ ಓಡುತ್ತಿತ್ತು. ಕಾಕು ಮುಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿಬಿಟ್ಟಿದ್ದಳು. ನಾನು ಕಾಕಾನ ಕಿವಿಯ ಹತ್ತಿರ ಬಾಗಿದೆ.

"ಕಾಕಾ, ಖರೇ ಹೇಳು. ಕೇಳಿಸಲೇ ಇಲ್ಲೇನು?"

"ಎರಡನೇದಕ್ಕ ಕೇಳಿಸಿತ್ತು."

ನನಗೆ ಸಿಟ್ಟು ನೆತ್ತಿಗೇರಿತು. "ಮತ್ಯಾಕ ಓ ಅನಲಿಲ್ಲ? ಅಕಿ ಜೀವ ಹೋಗಿತ್ತಲ್ಲಾ ಅಲ್ಲಿ!"

ಕಾಕಾ ಕಬ್ಬಿನ ಹೊಲಗಳ ಕಡೆ ಮುಖ ತಿರುಗಿಸಿದ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಗೊತ್ತೈತಿ. ತಪ್ಪ ಮಾಡೀನಿ. ನೀವ ಕಾಕಾ ಅಂತೀರಿ, ಊರ ಮಂದಿ ಮಾಲಕರ ಅಂತಾರ, ನಿಮ್ಮಪ್ಪ ಲೇ ಅಂತಾನ. ನಮ್ಮವ್ವ ಹೋದಮ್ಯಾಲ ನನ್ನ ಹೆಸರ ಹಿಡದ ಯಾರೂ ಕರದಿರಲಿಲ್ಲ ತಮ್ಮಾ. ಇನ್ನೊಂದ ಸಲ ಅನಲಿ, ಇನ್ನೊಂದ ಸಲ ಅನಲಿ ಅಂತ ಹಂಗ ನಿಂತಬಿಟ್ನಿ."