ಚಪ್ಪಡಿಗೊಂದು ತೆಂಗಿನಕಾಯಿ

ಮಂಗಳೂರಿನ ಕಾಂಟ್ರಾಕ್ಟರುಗಳು ಮಳೆಗೆ ಹೆದರುವುದಿಲ್ಲ. ನಮ್ಮ ರಸ್ತೆಗಳನ್ನು ನೋಡಿದರೇ ಗೊತ್ತಾಗುತ್ತದೆ. ಅವರು ಹೆದರುವುದು ನನ್ನ ಅತ್ತೆಗೆ!

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಅತ್ತಾವರದಲ್ಲಿ ಮನೆ, ನಿವೃತ್ತ ಟೀಚರು. ಕಂಡದ್ದನ್ನೆಲ್ಲ ಬೆರಳಿನಿಂದ ತಟ್ಟಿ ನೋಡುವುದು ಅವರ ಚಾಳಿ. ತೆಂಗಿನಕಾಯಿ, ಹಲಸಿನಹಣ್ಣು ಸರಿ. ಗೃಹಪ್ರವೇಶಕ್ಕೆ ಕರೆದರೆ ಗೋಡೆಯನ್ನೂ ತಟ್ಟಿ, "ಊಟ ಲಾಯ್ಕುಂಟು, ಗೋಡೆ ಪೊಳ್ಳು" ಎಂದು ಹರಸಿ ಬರುವವರು! ನನ್ನ ತಂಗಿಯನ್ನು ನೋಡಲು ಬಂದ ವರನ ಬೆನ್ನನ್ನೂ ತಟ್ಟಿದ್ದರೆಂದು ನನ್ನ ನೆನಪು. ತಂಗಿ ಇಲ್ಲವೇ ಇಲ್ಲ ಎನ್ನುತ್ತಾಳೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಸಂಶಯಪಡುವುದೊಂದೇ. ಈಗ ಆ ಸಂಶಯ ನನ್ನ ನೆನಪನ್ನೂ ಬಿಡುವುದಿಲ್ಲ. ಆ ಸಂಬಂಧ ಮುರಿದದ್ದಂತೂ ನಿಜ!

ಅತ್ತೆಯ ಗಂಡ, ನನ್ನ ಮಾವ, ಕಣ್ಣು ಮಂದವಾದರೂ ದಿನಾ ಸಂಜೆ ಒಬ್ಬರೇ ಮೂಲೆಯ ಹೋಟೆಲಿಗೆ ನಡೆದು ಚಹಾ ಕುಡಿದು ಬರುತ್ತಿದ್ದರು. ಕಳೆದ ಮಳೆಗಾಲದಲ್ಲಿ ಫುಟ್‌ಪಾತಿನ ಚಪ್ಪಡಿ ಮುರಿದು ಚರಂಡಿಗೆ ಬಿದ್ದರು. ಆಮೇಲೆ ಗೇಟು ದಾಟಲಿಲ್ಲ. "ಮನೆಯ ಚಹಾವೇ ರುಚಿ" ಎಂದರು. ಮದುವೆಯಾದ ಮೇಲೆ ಮೊದಲ ಬಾರಿ ಗಂಡ ತನ್ನ ಚಹಾ ಹೊಗಳಿದ್ದು ಕೇಳಿ ಅತ್ತೆಗೆ ಗಾಬರಿಯಾಯಿತು!

ಈ ಬೇಸಿಗೆಯಲ್ಲಿ ಹೊಸ ಚಪ್ಪಡಿಗಳು ಬಂದವು. ಅತ್ತೆ ಬಗ್ಗಿ ತಟ್ಟಿದರು.

"ಹಪ್ಪಳ ಮಾರಾಯ, ಹಪ್ಪಳ! ಸಿಮೆಂಟು ಪರಿಮಳಕ್ಕೆ ಮಾತ್ರ ಉಂಟು."

"ತಟ್ಟಿದ್ರೆ ಗೊತ್ತಾಗ್ತದಾ ಅತ್ತೆ? ಆಧಾರ ಎಂತ?"

"ನಿನಗೆ ಬುದ್ಧಿ ಉಂಟು ಅಂತ ಒಪ್ಪಿದ್ದೇನಲ್ಲ, ಅದಕ್ಕೆ ಆಧಾರ ಎಂತ?"

ಅತ್ತೆ ಪಾಲಿಕೆಗೆ ದೂರು ಕೊಟ್ಟ ಮರುದಿನವೇ ಕಾಂಟ್ರಾಕ್ಟರು ಒಂದು ಬುಟ್ಟಿ ಮಾವಿನಹಣ್ಣು ಹೊತ್ತು ಬಂದ. "ಮನೆಯ ಮರದ್ದು ಟೀಚರೇ, ಸುಮ್ನೆ ತಂದೆ." ಅತ್ತೆ ಬುಟ್ಟಿಯನ್ನು ಹಾಗೆಯೇ ರಸ್ತೆಗೆ ಒಯ್ದು ಕೆಲಸದವರಿಗೆಲ್ಲ ಹಂಚಿದರು. "ನಿಮ್ಮ ಧಣಿ ಕೊಟ್ಟದ್ದು, ತಿನ್ನಿ!" ಅಷ್ಟು ಸಿಹಿ ಹಣ್ಣಿಗೆ ಅಷ್ಟು ಹುಳಿ ಮುಖವನ್ನು ನಾನು ಕಂಡಿಲ್ಲ.

ಕೊನೆಗೆ ಅಳತೆಗೆಂದು ಪಾಲಿಕೆಯ ಎಂಜಿನಿಯರು ಬಂದರು. ಅವರು ಸಹಿ ಹಾಕಿದರೆ ಬಿಲ್ಲು ಪಾಸು. ಮಾವನ ಸಂಜೆಗಳು ಫೇಲು.

"ಉದ್ದ ಅಗಲ ಸರಿ ಉಂಟು ಟೀಚರೇ. ಒಳಗೆ ಎಂತ ಉಂಟಂತ ನೋಡ್ಲಿಕ್ಕೆ ಒಡೀಬೇಕಾಗ್ತದೆ. ಸರಕಾರದ ಸೊತ್ತು, ಒಡೆಯುವ ಹಾಗಿಲ್ಲ."

"ಒಡೆಯುದು ಬೇಡ," ಎಂದರು ಅತ್ತೆ ಸಾಧುವಾಗಿ. "ಪೂಜೆ ಮಾಡುವ. ಕಾಯಿ ಒಡೀದೆ ಯಾವ ಕೆಲಸ ಮುಗೀತದೆ?"

ಕಾಂಟ್ರಾಕ್ಟರು ಮಹಾ ದೈವಭಕ್ತ. ಪೂಜೆ ಬೇಡ ಎನ್ನುವುದುಂಟೇ? ಅತ್ತೆ ಒಳಗೆ ಹೋಗಿ ಕಾಯಿಗಳನ್ನೆಲ್ಲ ತಟ್ಟಿ, ಅತಿ ಗಟ್ಟಿಯಾದದ್ದನ್ನು ಆರಿಸಿ ತಂದರು. ಅವನು ಚಪ್ಪಡಿಯ ಅಂಚಿಗೆ ಮೆಲ್ಲನೆ ಕುಟ್ಟಿದ.

"ದೇವರಿಗೆ ಕೇಳುದು ಬೇಡವಾ? ಗಟ್ಟಿ ಹೊಡಿ ಮಾರಾಯ!"

ಬೀದಿಯೆಲ್ಲ ನೋಡುತ್ತಿತ್ತು. ಅವನು ಎರಡೂ ಕೈ ಎತ್ತಿ ಅಪ್ಪಳಿಸಿದ. ಚಪ್ಪಡಿ ಎರಡು ಹೋಳು! ಕಾಯಿ ಮಾತ್ರ ಅಖಂಡವಾಗಿ ಉರುಳಿ ಎಂಜಿನಿಯರರ ಬೂಟಿನ ಹತ್ತಿರ ನಿಂತಿತು. ಎರಡು ಹೋಳೋ, ಮೂಲೆ ಮಾತ್ರ ಹಾರಿತೋ? ನನ್ನ ನೆನಪು ಹಬ್ಬ ಮಾಡುತ್ತಿರಬಹುದು. ಆದರೆ ಎಂಜಿನಿಯರು ಪೆನ್ನನ್ನು ಜೇಬಿಗಿಟ್ಟು, "ಎಲ್ಲ ತೆಗೀರಿ, ಹೊಸತು ಹಾಕಿ" ಎಂದದ್ದು ಎಲ್ಲರೂ ಕೇಳಿದ್ದಾರೆ. ಕೆಲಸದವರೇ ಮೊದಲು ಚಪ್ಪಾಳೆ ತಟ್ಟಿದರು!

"ಕಾಯಿ ಪಾಸ್," ಎಂದು ಅತ್ತೆ ಅದನ್ನು ಎತ್ತಿಕೊಂಡರು.

ಮಳೆಗೆ ಮೊದಲೇ ದಪ್ಪ ಚಪ್ಪಡಿಗಳು ಕುಳಿತವು. ಆ ಸಂಜೆ ಮಾವ ಯಾರ ಕೈಯನ್ನೂ ಹಿಡಿಯದೆ ಗೇಟು ದಾಟಿದರು. ಇಡೀ ವಾರ್ಡನ್ನು ನಡುಗಿಸಿದ ಅತ್ತೆ ಗೇಟಿನ ಸರಳು ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು.

"ಎಲ್ಲಿಗೆ ಮುಟ್ಟಿದ್ರು?"

"ಮೆಡಿಕಲ್ ಶಾಪಿನ ಹತ್ತಿರ."

"ಈಗ?"

"ಹೋಟೆಲಿಗೆ ಮುಟ್ಟಿದ್ರು ಅತ್ತೆ! ತಿರುಗಿ ಕೈ ಬೀಸ್ತಾ ಇದ್ದಾರೆ."

ಅತ್ತೆ ಕಣ್ಣು ತೆರೆದರು. ಮಾವ ಕೈ ಬೀಸುತ್ತಿದ್ದದ್ದು ನಮ್ಮ ಕಡೆಗಲ್ಲ, ಮಂದ ಕಣ್ಣಿಗೆ ನಮ್ಮದೆಂದು ಕಂಡ ಎದುರು ಸಾಲಿನ ಯಾರದೋ ಮನೆಯ ಕಡೆಗೆ. ನಾನು ನಗುವಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿ ರಸ್ತೆ ದಾಟಿ ಓಡಿದರು. ಆ ಮನೆಯ ಗೇಟಿನ ಮುಂದೆ ನಿಂತು ಮಾವನಿಗೆ ಎರಡೂ ಕೈ ಬೀಸತೊಡಗಿದರು.