ಕ್ಯಾಂಡಿಯಿಂದ ಬಂದ ಬೋಣಿ

ದುಡ್ಡು ಕೊಡಲು ಸಿದ್ಧನಾಗಿ ಬಂದ ಗಿರಾಕಿಯನ್ನು "ಸ್ವಲ್ಪ ಹೊತ್ತು ಕೂತಿರಪ್ಪ" ಎಂದು ಬೆಂಚಿನ ಮೇಲೆ ಕೂರಿಸುವ ವ್ಯಾಪಾರಿ ಈ ಪ್ರಪಂಚದಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಸೋದರಮಾವ!

ಮಂಚೇನಹಳ್ಳಿಯಲ್ಲಿ ಅವರದೊಂದು ಬಣ್ಣದ ಅಂಗಡಿ. ಬಣ್ಣದ ಜೊತೆಗೆ ಮೊಳೆ, ಚಿಲಕ, ನಲ್ಲಿ, ಹಗ್ಗ. ಅಂಗಡಿಯ ಹಿಂದೆಯೇ ಮನೆ. ಮಾವನಿಗೆ ಫೋನಿನ ಮೇಲೆ ಹಗೆಯೇನಿಲ್ಲ. ಗಲ್ಲಾದ ಪಕ್ಕದಲ್ಲಿ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿದ್ದಾರೆ, ದುಡ್ಡು ಬಂತೆಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯೂ ಇದೆ. ಆದರೆ ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ಮಾತ್ರ ಕೈಯಿಂದ ಕೈಗೆ ಬರಬೇಕು. ಅದನ್ನು ಕಣ್ಣಿಗೆ ಒತ್ತಿಕೊಂಡು ಗಲ್ಲಾಕ್ಕೆ ಹಾಕಬೇಕು. ಆಮೇಲೆ ನೀವು ಫೋನಿನಲ್ಲಿ ಕೊಡಿ, ಕನಸಿನಲ್ಲಿ ಕೊಡಿ, ಅವರದೇನೂ ತಕರಾರಿಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವನು. ಸುಮ್ಮನಿರಲು ಆಗುತ್ತದೆಯೇ? ದುಡ್ಡು ಹೇಗೆ ಬಂದರೂ ದುಡ್ಡೇ ಅಲ್ಲವೇ ಎಂದು ಒಮ್ಮೆ ವಾದಕ್ಕೆ ಕೂತೆ.

"ಕೊಡೋ ಕೈ ಕಾಣ್ಬೇಕು ಕಣಪ್ಪ," ಎಂದರು ಮಾವ. "ಕೈನೇ ಇಲ್ದಿದ್ರೆ ಏನನ್ನ ಕಣ್ಣಿಗೆ ಒತ್ಕೊಳ್ಳೋದು? ನೀನು ಓದಿದ್ದು ಸಾಯಂಕಾಲದ ಕಾಲೇಜೇನೋ, ಬೆಳಿಗ್ಗೆ ಅಂದ್ರೆ ಏನೂಂತಾನೇ ಗೊತ್ತಿಲ್ಲ ನಿಂಗೆ."

ನಾನು ಓದಿದ್ದು ಬೆಳಗಿನ ಕಾಲೇಜೇ. ಆದರೆ ಅವರು ಹೇಳಿದ ಧಾಟಿಗೆ ನನಗೇ ಒಂದು ಕ್ಷಣ ಅನುಮಾನ ಬಂತು. ನನ್ನ ನೆನಪಿನ ವಿಷಯದಲ್ಲಿ ನಾನು ಯಾವತ್ತೂ ಅಷ್ಟು ಗಟ್ಟಿಗನಲ್ಲ. ಈ ಪ್ರಬಂಧದ ಅರ್ಧವನ್ನು ಅತ್ತೆ ಒಪ್ಪುವುದಿಲ್ಲವೆಂದು ಈಗಲೇ ಹೇಳಿಬಿಡುತ್ತೇನೆ.

ಕಾಲ ಬದಲಾಯಿತು. ಬೆಳಗಿನ ಹೊತ್ತು ನೋಟು ಹಿಡಿದು ಬರುವವರೇ ಇಲ್ಲವಾದರು. ಗಾರೆಯವರು, ಬಣ್ಣ ಬಳಿಯುವವರು, ನಲ್ಲಿ ರಿಪೇರಿಯವರು ಎಲ್ಲರೂ ಫೋನು ಹಿಡಿದು ಬೆಂಚಿನ ಮೇಲೆ ಸಾಲಾಗಿ ಕೂರತೊಡಗಿದರು. ದಾರಿಯಲ್ಲಿ ಹೋಗುವವರು ಅದನ್ನು ಡಾಕ್ಟರ ಶಾಪು ಎಂದುಕೊಂಡು ಒಳಗೆ ಬಂದದ್ದೂ ಉಂಟಂತೆ!

ಆಗ ಅತ್ತೆ ಒಂದು ಉಪಾಯ ಮಾಡಿದರು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಿತ್ತಿಲ ಬಾಗಿಲಿನಿಂದ ಹೊರಟು, ಬೀದಿ ಸುತ್ತಿ ಬಂದು, ಅಂಗಡಿಯ ಮುಂದೆ ಅಪರಿಚಿತರ ಹಾಗೆ ನಿಲ್ಲುವುದು. ಮಾವ ಗಂಭೀರವಾಗಿ "ಏನ್ ಬೇಕಮ್ಮ?" ಎನ್ನುವುದು. ಅತ್ತೆ ಒಂದು ರೂಪಾಯಿ ಬಿಲ್ಲೆ ನೀಡಿ "ಒಂದು ಮೊಳೆ ಕೊಡಿ ಸ್ವಾಮಿ" ಎನ್ನುವುದು. ಬೋಣಿ ಆಯಿತು! ಕೊಂಡ ಮೊಳೆ ವ್ಯರ್ಥವಾಗಬಾರದಲ್ಲ, ಅದನ್ನು ಮನೆಯ ಗೋಡೆಗೇ ಹೊಡೆಯುತ್ತಿದ್ದರು. ಆ ಮನೆಗೆ ಎಷ್ಟು ಜನ ನೆಂಟರು ಬಂದರೂ ಅಂಗಿ ನೇತುಹಾಕಲು ಜಾಗಕ್ಕೆ ಕೊರತೆಯಿಲ್ಲ. ಒರಗಿಕೊಳ್ಳಲು ಮಾತ್ರ ಜಾಗವಿಲ್ಲ.

ಹೀಗಿರುವಾಗ ಬಣ್ಣದ ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನೆಲ್ಲ ಶ್ರೀಲಂಕಾಕ್ಕೆ ಕರೆದುಕೊಂಡು ಹೋಗುತ್ತೇವೆಂದರು. ಇಬ್ಬರಿಗೆ ಟಿಕೆಟ್ಟು. ಮಾವ ಹೋಗುವುದಿಲ್ಲ ಎಂದರು. ಅಂಗಡಿ ಮುಚ್ಚುವಂತಿಲ್ಲ, ಮುಚ್ಚದಿದ್ದರೆ ಅತ್ತೆ ಕೂರಬೇಕು. ಅತ್ತೆ ಗಲ್ಲಾದಲ್ಲಿ ಕೂತರೆ ಅತ್ತೆಗೆ ಬೋಣಿ ಕೊಡುವವರು ಯಾರು? ಇದಕ್ಕೆ ನಿಮ್ಮ ಹತ್ತಿರ ಉತ್ತರವಿದೆಯೇ?

ಕೊನೆಗೆ ಎದುರುಗಡೆಯ ಟೈಲರನ್ನು ಒಪ್ಪಿಸಿ, ಒಂದು ಹಿಡಿ ಬಿಲ್ಲೆಯನ್ನು ಅವನ ಕೈಗಿಟ್ಟು, ದಿನಾ ಬೆಳಿಗ್ಗೆ ಒಂದೊಂದು ಮೊಳೆ ಕೊಳ್ಳಬೇಕೆಂದು ಮಾತು ತೆಗೆದುಕೊಂಡ ಮೇಲೆಯೇ ಮಾವ ಹೊರಟಿದ್ದು. ಅತ್ತೆಯ ಟಿಕೆಟ್ಟಿನಲ್ಲಿ ನಾನು. "ಇವರನ್ನ ಒಬ್ಬರನ್ನೇ ಕಳಿಸಿದ್ರೆ ಆ ದೇಶದೋರು ನಮ್ಮನ್ನ ಏನಂದ್ಕೋತಾರಪ್ಪ," ಎಂದು ಅತ್ತೆ ನನ್ನನ್ನು ಜೊತೆಗೆ ಹಾಕಿದ್ದರು.

ಕೊಲಂಬೋದಲ್ಲಿ ಇಳಿದ ಮೇಲೆ ತಿಳಿಯಿತು, ನಮ್ಮ ಫೋನಿನಿಂದಲೇ ಅಲ್ಲಿಯ ಅಂಗಡಿಗಳಿಗೂ ದುಡ್ಡು ಕೊಡಬಹುದೆಂದು. ಮಂಚೇನಹಳ್ಳಿಯ ಬ್ಯಾಂಕಿನಲ್ಲಿರುವ ದುಡ್ಡು ಸಮುದ್ರ ದಾಟಿ ಕ್ಷಣದಲ್ಲಿ ಬಂದು ಬೀಳುವುದನ್ನು ನೋಡಿ ಮಾವನಿಗೆ ಮಕ್ಕಳಂಥ ಸಂತೋಷ. ಆದರೆ ಸ್ಕ್ಯಾನ್ ಮಾಡುವ ಮೊದಲು ಎಲ್ಲ ಕಡೆ ಒಂದೇ ಪ್ರಶ್ನೆ: ಬೋಣಿ ಆಯಿತೇ? ಕನ್ನಡದಲ್ಲಿ ಕೇಳಿ, ಅರ್ಥವಾಗದಿದ್ದರೆ ತೆಲುಗಿನಲ್ಲಿ ಕೇಳುವುದು. ಗೌರಿಬಿದನೂರು ದಾಟಿದರೆ ತೆಲುಗು ನಡೆಯುತ್ತದೆ ಎಂಬ ಅನುಭವವನ್ನು ಅವರು ಇಡೀ ಭೂಮಂಡಲಕ್ಕೆ ಅನ್ವಯಿಸಿದ್ದರು. ದೊಡ್ಡದೊಂದು ಅಂಗಡಿಯಲ್ಲಿ ಬಿಲ್ಲು ಹಾಕುವ ಹುಡುಗಿಯನ್ನು ಹಾಗೆ ಕೇಳಿದಾಗ ಅವಳು ಗಾಬರಿಯಾಗಿ ಮ್ಯಾನೇಜರನ್ನು ಕರೆದಳು. ಆತ ಇದೇನೋ ದೊಡ್ಡ ದೂರೆಂದು ತಿಳಿದು, ಕ್ಷಮೆ ಕೇಳಿ, ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟು ಕಳಿಸಿದ. ಮಾವನಿಗೆ ಆ ದೇಶದ ಮೇಲೆ ಗೌರವ ಇಮ್ಮಡಿಯಾಯಿತು.

ದಿನಾ ಬೆಳಿಗ್ಗೆ ಊರಿಗೆ ಫೋನು. ಟೈಲರು ಬಂದನೇ? ಬಂದ. ಮೊಳೆ ತೆಗೆದುಕೊಂಡನೇ? ತೆಗೆದುಕೊಂಡ. ಕಣ್ಣಿಗೆ ಒತ್ತಿಕೊಂಡೆಯಾ? ಒತ್ತಿಕೊಂಡೆ. ಇಷ್ಟಾದ ಮೇಲೆಯೇ ಮಾವನಿಗೆ ತಿಂಡಿ ಗಂಟಲಲ್ಲಿ ಇಳಿಯುತ್ತಿದ್ದುದು.

ಕ್ಯಾಂಡಿಯಲ್ಲಿ ಎಡವಟ್ಟಾಯಿತು. ಕೆರೆಯ ದಂಡೆಯಲ್ಲಿ ಒಬ್ಬಾಕೆ ಆಗಷ್ಟೇ ಕೆಂದೆಳನೀರಿನ ಗಾಡಿ ನಿಲ್ಲಿಸಿದ್ದಳು. ಮಾವ ಬಾಯಾರಿ ಒಂದು ಕೊಚ್ಚಿಸಿಕೊಂಡರು. ಆಮೇಲೆ ನೋಡಿದರೆ ಇಬ್ಬರ ಜೇಬಿನಲ್ಲೂ ಅಲ್ಲಿಯ ನೋಟಿಲ್ಲ, ಫೋನೊಂದೇ ಗತಿ. ಬೋಣಿಯ ಪ್ರಶ್ನೆ ಕೇಳಿದರು. ಆಕೆಗೆ ಭಾಷೆ ತಿಳಿಯಲಿಲ್ಲ. ಮಾವ ಬರಿಗೈಯನ್ನು ಕಣ್ಣಿಗೆ ಒತ್ತಿಕೊಂಡು ತೋರಿಸಿದರು. ಆಕೆ ನಕ್ಕು, ಇನ್ನೂ ಇಲ್ಲ ಎಂಬಂತೆ ತಲೆಯಾಡಿಸಿದಳು.

ಮುಗಿಯಿತು! ಮಾವ ಎಳನೀರು ಹಿಡಿದುಕೊಂಡು ಪಕ್ಕಕ್ಕೆ ಸರಿದು ನಿಂತರು. ಕುಡಿಯುವ ಹಾಗಿಲ್ಲ, ಹಿಂದಕ್ಕೆ ಕೊಡುವ ಹಾಗೂ ಇಲ್ಲ. ನೋಟು ಹಿಡಿದ ಬೇರೆ ಗಿರಾಕಿ ಯಾರಾದರೂ ಬರಲಿ ಎಂದು ಕಾಯುತ್ತಾರಂತೆ. ಅಷ್ಟು ದೂರದಲ್ಲಿ ನಮ್ಮ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಯಾರ ಊರಿನಲ್ಲೋ ಯಾರದೋ ದಿನ ಕೆಡಿಸಿದ ಪಾಪ ನನಗೆ ಬೇಡಪ್ಪ ಎಂದರು ಮಾವ.

ಅಷ್ಟರಲ್ಲಿ ಅತ್ತೆಯದೇ ಫೋನು ಬಂತು. ಮಾವ ಸ್ಪೀಕರಿಗೆ ಹಾಕಿದರು.

"ರೀ, ಟೈಲರು ಗೌರಿಬಿದನೂರಿಗೆ ಹೋಗವ್ನಂತೆ, ಅವರ ಮಾವನಿಗೆ ಹುಷಾರಿಲ್ಲ. ಇಲ್ಲಿ ಬೆಂಚು ತುಂಬಾ ಜನ ಕೂತವ್ರೆ. ಒಬ್ಬರ ಹತ್ರಾನೂ ಕಾಸಿಲ್ಲ. ಇಬ್ಬರು ಎದ್ದು ಹೋದ್ರು. ಏನ್ ಮಾಡ್ಲಿ, ಬಾಗಿಲು ಹಾಕ್ಬಿಡ್ಲಾ?"

ಮಾವ ಕೈಯಲ್ಲಿದ್ದ ಎಳನೀರನ್ನೇ ನೋಡಿದರು. ನೆಟ್‌ವರ್ಕ್ ಹೋಯಿತೇನೋ ಎಂದು ಅತ್ತೆ ಎರಡು ಸಲ "ರೀ" ಎಂದರು. ಗಂಡ ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ತಾನು ಕೂತ ನಾಲ್ಕು ದಿನದಲ್ಲಿ ಮುಗ್ಗರಿಸಿತಲ್ಲ ಎಂಬ ಸಂಕಟ ಆ ದನಿಯಲ್ಲಿತ್ತು. ಅಥವಾ ಇತ್ತೆಂದು ಆಮೇಲೆ ನಾನೇ ಸೇರಿಸಿಕೊಂಡೆನೋ.

ಮಾವ ಎಳನೀರನ್ನು ನನ್ನ ಕೈಗೆ ಕೊಟ್ಟರು. "ತಡಿ, ಫೋನ್ ಇಡ್ಬೇಡ," ಎಂದು ಹೇಳಿ, ಕನ್ನಡಕ ಹಣೆಗೇರಿಸಿ, ಬೆರಳಿನಲ್ಲಿ ಏನೇನೋ ಒತ್ತಿದರು. ಕೆರೆಯ ಮೇಲಿಂದ ಗಾಳಿ ಬೀಸುತ್ತಿತ್ತು. ಆಮೇಲೆ ಅವರ ಅಂಗೈಯೊಳಗಿನ ಫೋನಿನಿಂದ, ಸಮುದ್ರದ ಆಚೆಯ ಮಂಚೇನಹಳ್ಳಿಯಿಂದ, ಆ ಪೆಟ್ಟಿಗೆಯ ಹೆಣ್ಣುದನಿ ಸ್ಪಷ್ಟವಾಗಿ ಕೇಳಿಸಿತು: ಒಂದು ರೂಪಾಯಿ ಸ್ವೀಕರಿಸಲಾಗಿದೆ.

"ಏನ್ ಕೊಡ್ಲಿ ಸ್ವಾಮಿ?" ಎಂದರು ಅತ್ತೆ.

"ಒಂದು ಮೊಳೆ ಕೊಡಮ್ಮ," ಎಂದರು ಮಾವ.

ಆಮೇಲಿನದು ಬೇಗ ಮುಗಿಯಿತು. ಮಾವ ಎಳನೀರಿನಾಕೆಗೂ ಫೋನಿನಲ್ಲೇ ದುಡ್ಡು ಕೊಟ್ಟರು. ಆದರೆ ಆಕೆಯ ಫೋನಿಗೆ ಸುದ್ದಿ ಬರುವ ತನಕ ನಿಂತಿದ್ದು, ಅದನ್ನು ಕಣ್ಣಿಗೆ ಒತ್ತಿಕೊಳ್ಳಬೇಕೆಂದು ಕೈಸನ್ನೆ ಮಾಡಿದರು. ಆಕೆ ಒತ್ತಿಕೊಂಡಳು. ಬಸ್ಸಿನಲ್ಲಿ ಎಲ್ಲರೂ ನಮ್ಮನ್ನು ಬೈದರು. ಮಾವ ಬಿಸ್ಕತ್ತು ಹಂಚಿದರು.

ಊರಿಗೆ ಬಂದಾಗ ಗೋಡೆಯಲ್ಲಿ ಹೊಸದೊಂದು ಮೊಳೆ ಇತ್ತು. ಅದಕ್ಕೆ ಏನನ್ನೂ ನೇತುಹಾಕಕೂಡದೆಂದು ಅತ್ತೆಯ ಅಪ್ಪಣೆ. ಮಾವ ಸ್ನಾನಕ್ಕೆ ಹೋದಾಗ ಅತ್ತೆಯನ್ನು ಕೇಳಿದೆ: ಅವತ್ತು ಕೈಗೆ ಬಿಲ್ಲೆಯೇ ಬರಲಿಲ್ಲವಲ್ಲ, ಕಣ್ಣಿಗೆ ಏನನ್ನು ಒತ್ತಿಕೊಂಡಿರಿ?

ಅತ್ತೆ ಬಚ್ಚಲ ಕಡೆ ಒಮ್ಮೆ ನೋಡಿದರು.

"ಆ ಪೆಟ್ಟಿಗೆನೇ ಎತ್ತಿ ಒತ್ಕೊಂಡೆ ಕಣಪ್ಪ. ಬೆಚ್ಚಗಿತ್ತು, ನಿಮ್ಮಾವನ ಕೈ ಇದ್ದಂಗೆ."

ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ ಪೆಟ್ಟಿಗೆ ಬೆಚ್ಚಗಿರದೆ ತಣ್ಣಗಿರುತ್ತದೆಯೇ? ಹಾಗೆಂದು ಹೇಳಲು ನಾನು ಬಾಯಿ ತೆರೆದದ್ದು ನೆನಪಿದೆ. ಹೇಳಿದ ನೆನಪಿಲ್ಲ.